ಹಡಗಿನವರ ಹಳೆಯ ಮಡಚು ಚಾಕು ಕೈಗೆ ಬಂದರೆ: ಗುರುತು ಹಿಡಿದು ಕಾಪಾಡುವ ಸಮಗ್ರ ಮಾರ್ಗದರ್ಶಿ

ಅಜ್ಜ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅಟ್ಟದಿಂದ ಅವರ ಮರದ ಪೆಟ್ಟಿಗೆ ಇಳಿಸಿದೆವು. ಹಳೆ ರಸೀದಿಗಳ ಕೆಳಗೆ ಎಣ್ಣೆ ಹಿಡಿದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಮಡಚುವ ಚಾಕು ಇತ್ತು. ಅಜ್ಜ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಮಂಜಿ ಎಂಬ ಸರಕಿನ ಹಾಯಿದೋಣಿಗಳಿಗೆ ತುಂಬಿಸುವ ಹಂಚಿನ ಲೆಕ್ಕ ಬರೆಯುತ್ತಿದ್ದವರು. "ಯಾರೋ ಹಡಗಿನವ ಕೊಟ್ಟದ್ದಂತೆ" ಎಂದು ಅಜ್ಜಿ ಹೇಳುತ್ತಿದ್ದರು. ಯಾವ ಹಡಗು, ಯಾವ ಊರಿನವ ಎಂದು ಕೇಳಿಟ್ಟುಕೊಂಡವರು ಮನೆಯಲ್ಲಿ ಯಾರೂ ಇಲ್ಲ.

ಇಂಥದ್ದೇ ಇನ್ನೊಂದು ಚಾಕು ಚಿಕ್ಕಪ್ಪನ ಪಾಲಿಗೆ ಬಂದಿತ್ತು. ಅದರ ಅಲಗಿನ ಬುಡದಲ್ಲಿ ಕಿರೀಟದಂಥ ಒಂದು ಸಣ್ಣ ಮುದ್ರೆ ಇತ್ತು, ಕೆಳಗೆ ಎರಡು ಅಕ್ಷರ. ಅದನ್ನು ಫಳಫಳ ಮಾಡಿಸಬೇಕೆಂದು ಅವರು ಒಂದು ಸಾಣೆ ಅಂಗಡಿಗೆ ಕೊಟ್ಟರು. ಎರಡು ನಿಮಿಷ ಚಕ್ರಕ್ಕೆ ಹಿಡಿದದ್ದಷ್ಟೇ. ಚಾಕು ಕನ್ನಡಿಯಾಯಿತು, ಮುದ್ರೆ ಹೋಯಿತು. ಆ ಎರಡು ಅಕ್ಷರ ಏನಿತ್ತೆಂದು ಇವತ್ತಿಗೂ ನಮಗೆ ತಿಳಿಯದು. ಅದು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೊದಲ ದಿನ ಏನನ್ನೂ ಉಜ್ಜಬೇಡಿ

ಹಳೆಯ ವಸ್ತು ಸಿಕ್ಕಿದ ಕೂಡಲೇ ನಮ್ಮ ಕೈ ಹುಣಸೆಹುಳಿಗೂ ಬೂದಿಗೂ ಹೋಗುತ್ತದೆ. ಹಿತ್ತಾಳೆ ಚೆಂಬಿಗೆ ಅದು ಸರಿ. ಚಾಕುವಿಗೆ ಹುಳಿ ತಾಗಿದರೆ ಅದು ಹಿಡಿಯ ಕೆಳಗಿನ ತಗಡಿನ ಸಂದಿಗೆ ಇಳಿದು ಅಲ್ಲೇ ಕೂರುತ್ತದೆ. ತೊಳೆದರೂ ಹೋಗುವುದಿಲ್ಲ, ಒಳಗಿಂದ ಲೋಹ ತಿನ್ನುತ್ತದೆ. ನೀರಿನಲ್ಲಿ ನೆನೆಸುವುದೂ ಬೇಡ. ಮರಳು ಕಾಗದ, ತಂತಿ ಬ್ರಷ್, ಡ್ರಿಲ್ಲಿಗೆ ಹಾಕುವ ಪಾಲಿಶ್ ಚಕ್ರ, ಇವನ್ನು ಮನೆಯಲ್ಲಿದ್ದರೂ ದೂರ ಇಡಿ.

ಮೊದಲ ದಿನದ ಕೆಲಸ ಫೋಟೊ ತೆಗೆಯುವುದು. ಬೂದು ಅಥವಾ ಬಿಳಿ ಕಾಗದದ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಮುಚ್ಚಿದಾಗ ಎರಡೂ ಬದಿ, ತೆರೆದಾಗ ಎರಡೂ ಬದಿ, ಬೆನ್ನು, ಹೊಟ್ಟೆ, ಎರಡು ತುದಿಗಳು. ಆಮೇಲೆ ಕೋಣೆಯ ದೀಪ ಆರಿಸಿ ಟಾರ್ಚನ್ನು ಅಲಗಿನ ಪಕ್ಕಕ್ಕೆ, ಹೆಚ್ಚುಕಡಿಮೆ ಮಲಗಿಸಿದ ಹಾಗೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಮುದ್ರೆ, ಗೀರು, ಸುತ್ತಿಗೆಯ ತಟ್ಟು ಎಲ್ಲ ನೆರಳಾಗಿ ಮೇಲೆ ಏಳುತ್ತವೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಮಾಯವಾದ ಅಕ್ಷರ ಇನ್ನೊಂದು ದಿಕ್ಕಿನಲ್ಲಿ ಸಿಗುತ್ತದೆ.

ಅಳತೆಗೆ ವರ್ನಿಯರ್ ಕ್ಯಾಲಿಪರ್, ತೂಕಕ್ಕೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು.

ಹಂತ 2: ಕಸವನ್ನು ಎಸೆಯದೆ ಎತ್ತಿಡಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಬೆಲೆಯುಳ್ಳ ಹಂತ ಇದೇ. ಅಲಗು ಮಡಚಿ ಕೂರುವ ಸಂದಿಯಲ್ಲಿ ದಶಕಗಳ ಕೊಳೆ ಗಟ್ಟಿಯಾಗಿರುತ್ತದೆ. ಬಿದಿರಿನ ಹಲ್ಲುಕಡ್ಡಿಯಿಂದ ಅದನ್ನು ಮೆಲ್ಲಗೆ ಕೆದಕಿ ಬಿಳಿ ಕಾಗದದ ಮೇಲೆ ಬೀಳಿಸಿ, ಭೂತಗನ್ನಡಿಯಲ್ಲಿ ನೋಡಿ, ಚಿಕ್ಕ ಕಾಗದದ ಪೊಟ್ಟಣ ಕಟ್ಟಿ ದಿನಾಂಕ ಬರೆದು ಇಡಿ.

ನನ್ನ ಅಜ್ಜನ ಚಾಕುವಿನಿಂದ ಬಿದ್ದದ್ದು ಒಂದು ಚಿಟಿಕೆಯಷ್ಟು ಕಪ್ಪು ಪುಡಿ. ಅದರ ಮಧ್ಯೆ ಕೆಂಪು ಛಾಯೆಯ, ಗಡುಸಾದ, ಕಾಲಿಂಚು ಉದ್ದದ ನಾಲ್ಕು ನಾರು. ತೆಂಗಿನ ನಾರಿನ ಹಗ್ಗ ಕಂಡವರಿಗೆ ಎರಡನೇ ಸಲ ನೋಡಬೇಕಿಲ್ಲ. ಯುರೋಪಿನ ಹಾಯಿಹಡಗುಗಳ ಹಗ್ಗ ಹೆಚ್ಚಾಗಿ ಸೆಣಬಿನಂಥ ಹೆಂಪ್ ನಾರಿನದು. ಅದು ತೆಳು, ಮೆದು, ಮಾಸಲು ಬಣ್ಣ, ಅನೇಕ ಸಲ ಡಾಂಬರಿನಂಥ ಮರದ ಟಾರ್ ಮೆತ್ತಿರುತ್ತದೆ. ಹಾಗಾದರೆ ಈ ಚಾಕು ಎಲ್ಲೇ ಹುಟ್ಟಿರಲಿ, ತೆಂಗಿನ ನಾರಿನ ಹಗ್ಗವನ್ನಂತೂ ಕೊಯ್ದಿದೆ.

ಇಲ್ಲಿಂದ ಮುಂದೆ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಇದನ್ನು ಮಾಡಿದ್ದು ಎಲ್ಲಿ? ಇದು ದುಡಿದದ್ದು ಎಲ್ಲಿ? ನಮ್ಮ ಕೈಗೆ ಬಂದದ್ದು ಹೇಗೆ? ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸಿದರೆ ಕಥೆ ಚೆಂದವಾಗುತ್ತದೆ, ಚಾಕುವಿನ ನಿಜ ಮಾತ್ರ ಕೈತಪ್ಪುತ್ತದೆ.

ಹಂತ 3: ಅಂಟಿಕೊಂಡ ಅಲಗನ್ನು ಬಿಡಿಸುವುದು

ತುಕ್ಕು ಹಿಡಿದು ಕೀಲು ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ. ಉಗುರು ಸಿಕ್ಕಿಸುವ ಕಚ್ಚಿನ ಹತ್ತಿರ ಅಲಗು ಮುರಿದೇ ಮುರಿಯುತ್ತದೆ, ಇಲ್ಲವೇ ಬೆನ್ನಿನ ಸ್ಪ್ರಿಂಗು ಸೀಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಕೀಲಿಗೆ ಬಿಟ್ಟು, ಕೀಲು ಕೆಳಗಾಗುವಂತೆ ನಿಲ್ಲಿಸಿ ಒಂದು ದಿನ ಬಿಡಿ. ಮತ್ತೆ ಎರಡು ಹನಿ, ಮತ್ತೊಂದು ದಿನ. ನನ್ನದಕ್ಕೆ ಐದು ದಿನ ಹಿಡಿಯಿತು. ಆಮೇಲೆ ಅಲಗಿನ ಬೆನ್ನಿನ ಕಡೆಯಿಂದ ಚರ್ಮದ ತುಂಡು ಸುತ್ತಿ ಹಿಡಿದು, ಕೂದಲೆಳೆಯಷ್ಟು ತೆರೆದು ಮತ್ತೆ ಮುಚ್ಚಿ, ಹೀಗೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಮುಚ್ಚುವಾಗ ಬೆರಳು ಅಲಗಿನ ಬಾಯಿಯ, ಅಂದರೆ ಹರಿತ ಅಂಚಿನ, ದಾರಿಯಲ್ಲಿ ಇರಬಾರದು. ಹಳೆಯ ಸ್ಪ್ರಿಂಗು ಇದ್ದಕ್ಕಿದ್ದಂತೆ ಎಳೆದು ಅಲಗು ಟಪ್ಪೆಂದು ಬೀಳುತ್ತದೆ. ಅಲಗಿನ ಬಾಯಿಗೆ ಕಾಗದದ ಟೇಪು ಸುತ್ತಿಯೇ ಕೆಲಸ ಮಾಡಿ. ಬಿಸಿ ಮಾಡುವ ಉಪಾಯ ಬೇಡ, ಕೊಂಬಿನ ಹಿಡಿ ಡೊಂಕಾಗುತ್ತದೆ.

ಹಂತ 4: ಆಕಾರ ಏನು ಹೇಳುತ್ತದೆ

ನಾವಿಕರ ಚಾಕು ಎಂದರೆ ಮೊದಲು ನೋಡುವುದು ಅಲಗಿನ ತುದಿ. ಬಾಯಿ ಪೂರಾ ನೇರ, ಬೆನ್ನು ಮಾತ್ರ ತುದಿಯಲ್ಲಿ ಬಾಗಿ ಬಾಯಿಗೆ ಬಂದು ಸೇರಿದರೆ ಅದು ಕುರಿಗೊರಸಿನ ಆಕಾರ. ಇಂಗ್ಲಿಷಿನವರು ಶೀಪ್ಸ್‌ಫುಟ್ ಎನ್ನುತ್ತಾರೆ. ಚುಚ್ಚುವ ಮೊನೆ ಇರುವುದಿಲ್ಲ. ಹಡಗು ಹೊಯ್ದಾಡುವಾಗ ಕೈಜಾರಿ ಚಾಕು ತನಗೋ ಪಕ್ಕದವನಿಗೋ ಚುಚ್ಚಬಾರದು, ಹಾಯಿಮರದ ಮೇಲಿಂದ ಬಿದ್ದರೆ ಕೆಳಗಿನವನ ತಲೆಗೆ ನಾಟಬಾರದು. ನೇರ ಬಾಯಿಗೆ ಇನ್ನೊಂದು ಉಪಯೋಗವೂ ಇದೆ: ದಪ್ಪ ಹಗ್ಗವನ್ನು ಹಲಗೆ ಮೇಲಿಟ್ಟು, ಮೇಲೆ ಅಲಗನ್ನಿಟ್ಟು, ಬೆನ್ನಿಗೆ ಮರದ ಕೊಡತಿಯಿಂದ ಹೊಡೆದರೆ ಹಗ್ಗ ಒಂದೇ ಏಟಿಗೆ ತುಂಡು. ಹಾಗಾಗಿ ಬೆನ್ನನ್ನು ಬೆರಳಿನಿಂದ ಸವರಿ ನೋಡಿ. ಅಂಚು ಚಪ್ಪಟೆಯಾಗಿ ಸ್ವಲ್ಪ ಹೊರಕ್ಕೆ ಮಡಿಸಿಕೊಂಡಿದ್ದರೆ ಅದು ಏಟು ತಿಂದ ಬೆನ್ನು. ನನ್ನ ಚಾಕುವಿನ ಬೆನ್ನಿನ ಮಧ್ಯದಲ್ಲಿ ಎರಡಿಂಚಿನಷ್ಟು ಜಾಗ ಹೀಗೆ ಕುಗ್ಗಿದೆ. ಬೆರಳು ಅಲ್ಲಿಗೆ ಬಂದಾಗ ಪ್ರತಿಸಲವೂ ನಿಲ್ಲುತ್ತದೆ.

ಎರಡನೆಯದು ದಬ್ಬಣದಂಥ ಉಕ್ಕಿನ ಮುಳ್ಳು. ಹಗ್ಗದ ಎಳೆಗಳನ್ನು ಬಿಡಿಸಿ ಒಂದರೊಳಗೊಂದು ಹೆಣೆಯಲು, ಒದ್ದೆಯಾಗಿ ಬಿಗಿದ ಗಂಟು ಸಡಿಲಿಸಲು ಅದು ಬೇಕು. ಮಾರ್ಲಿನ್‌ಸ್ಪೈಕ್ ಎಂಬ ಹೆಸರು ಅದಕ್ಕೆ. ಮುಳ್ಳು ಇದೆಯೆಂದ ಮಾತ್ರಕ್ಕೆ ಹಡಗಿನದು ಎಂದು ತೀರ್ಮಾನಿಸಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆ ನೆಲದ ಸಿಪಾಯಿಗಳಿಗೂ ಮುಳ್ಳು, ಡಬ್ಬಿ ತೆರೆಯುವ ಕೊಕ್ಕೆ, ಕುರಿಗೊರಸಿನ ಅಲಗು ಮೂರೂ ಇರುವ ಚಾಕು ಹಂಚಿತ್ತು. ಇಂದು ಮಾರಾಟಕ್ಕೆ ಬರುವ 'ನೌಕಾಪಡೆ ಚಾಕು'ಗಳಲ್ಲಿ ಎಷ್ಟೋ ಇಂಥವೇ.

ಮೂರನೆಯದು ಹಿಡಿಯ ತುದಿಯ ಬಳೆ ಅಥವಾ ಕೊಂಡಿ. ಅದಕ್ಕೆ ಹುರಿ ಕಟ್ಟಿ ಸೊಂಟಕ್ಕೋ ಕೊರಳಿಗೋ ಹಾಕಿಕೊಳ್ಳುತ್ತಿದ್ದರು. ಬಳೆಯ ಒಳಗಡೆ ಒಂದೇ ಕಡೆ ಸವೆದಿದ್ದರೆ ಅದು ವರ್ಷಗಟ್ಟಲೆ ತೂಗಿದೆ ಎಂದರ್ಥ. ಹಿಡಿಯ ಮೇಲೆ ಕೊರೆದ ಲಂಗರಿನ ಚಿತ್ರಕ್ಕಿಂತ ಈ ಸವೆತದ ಸಾಕ್ಷಿಯನ್ನೇ ನಾನು ನಂಬುತ್ತೇನೆ. ಲಂಗರನ್ನು ಯಾರು ಬೇಕಾದರೂ ಯಾವತ್ತು ಬೇಕಾದರೂ ಕೊರೆಯಬಹುದು.

ಹಾಯಿಹಡಗಿನ ಕಾಲದ ನಾವಿಕರಲ್ಲಿ ಒರೆಯಲ್ಲಿಡುವ ನೆಟ್ಟನೆಯ ಚೂರಿಯೇ ಹೆಚ್ಚು ಬಳಕೆಯಲ್ಲಿತ್ತು ಎಂಬುದನ್ನೂ ನೆನಪಿಡಬೇಕು. ಅಮೆರಿಕದಲ್ಲಿ 1866ರಲ್ಲಿ ಒಂದು ಕಾನೂನು ಬಂತು: ವ್ಯಾಪಾರಿ ಹಡಗಿನ ನಾವಿಕರು ಹಡಗಿನ ಮೇಲೆ ಒರೆಚೂರಿ ಧರಿಸಬಾರದು. ಮಡಚು ಚಾಕುವಿಗೆ ಆ ನಿಷೇಧ ಇರಲಿಲ್ಲ.

ಹಂತ 5: ಕೈಕೆಲಸವೇ, ಕಾರ್ಖಾನೆಯದೇ

ರಿವೆಟ್ ಮೊಳೆಗಳನ್ನು ನೋಡಿ. ಎಲ್ಲವೂ ಒಂದೇ ಗಾತ್ರ, ಒಂದೇ ಗೆರೆಯಲ್ಲಿದ್ದರೆ ಅಚ್ಚಿಟ್ಟು ತೂತು ಕೊರೆದವರ ಕೆಲಸ. ಒಂದು ಮೊಳೆ ಮೇಲೆ, ಒಂದು ಕೆಳಗೆ, ತಲೆಗಳು ಓರೆಕೋರೆ ಇದ್ದರೆ ಕಣ್ಣಳತೆಯ ಕೆಲಸ. ಎರಡು ಬದಿಯ ಒಳತಗಡುಗಳ ದಪ್ಪ ಬೇರೆ ಬೇರೆ ಇದೆಯೇ ಅಳೆಯಿರಿ. ಸ್ಪ್ರಿಂಗೇ ಇಲ್ಲದೆ ಬರೀ ಕೀಲಿನ ಬಿಗಿಯಿಂದ ನಿಲ್ಲುವ ಚಾಕುಗಳೂ ಇವೆ. ಇದು ರೋಮನ್ನರ ಕಾಲದಿಂದಲೂ ಇರುವ ಕ್ರಮ, ಆದ್ದರಿಂದ ಅದೊಂದರಿಂದಲೇ ವಯಸ್ಸು ಹೇಳಲಾಗದು.

ಓರೆ ಬೆಳಕಿನಲ್ಲಿ ಅಲಗಿನ ಬುಡದ ಚಪ್ಪಟೆ ಭಾಗವನ್ನು ಎರಡು ನಿಮಿಷ ನೋಡಿ. ಸಮಾನ ಅಂತರದಲ್ಲಿ ಓರೆಯಾಗಿ ಓಡುವ ನುಣ್ಣನೆಯ ಗೆರೆಗಳು, ಅವನ್ನು ಅಡ್ಡ ಕತ್ತರಿಸುವ ಇನ್ನೊಂದು ಸಾಲು ಕಂಡರೆ, ಅದು ಹಳೆಯ ಅರವನ್ನು (ಲೋಹ ಉಜ್ಜುವ ಫೈಲನ್ನು) ಕಾಯಿಸಿ ಬಡಿದು ಮಾಡಿದ ಅಲಗು. ಅರ ಒಳ್ಳೆಯ ಉಕ್ಕು, ಸವೆದ ಮೇಲೆ ಅದನ್ನು ಎಸೆಯುವವರಿಲ್ಲ. ಹಡಗಿನ ಕಮ್ಮಾರನೂ ಹಾಗೆ ಮಾಡುತ್ತಿದ್ದ, ನಮ್ಮೂರಿನ ಆಚಾರಿಯೂ ಹಾಗೆ ಮಾಡುತ್ತಿದ್ದ. ಅಜ್ಜನ ಚಾಕುವಿನಲ್ಲಿ ಅರದ ಹಲ್ಲಿನ ಹನ್ನೊಂದು ಗೆರೆ ಎಣಿಸಬಹುದು. ಅದು ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಅಂಗಡಿಯ ಮಾಲಲ್ಲ ಎಂದು ಆ ಗೆರೆಗಳನ್ನು ಕಂಡ ದಿನ ನನಗೆ ಖಚಿತವಾಯಿತು.

ಹಂತ 6: ಮುದ್ರೆ ಮತ್ತು ವಸ್ತುವಿನಿಂದ ಕಾಲ

ಮುದ್ರೆ ಇದ್ದರೆ ತೆಳು ಕಾಗದವಿಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ ಅಚ್ಚು ತೆಗೆಯಿರಿ. ಕಿರೀಟದ ಜೊತೆ ವಿ.ಆರ್. ಇದ್ದರೆ ವಿಕ್ಟೋರಿಯಾ ಕಾಲ, 1837ರಿಂದ 1901. ಜಿ.ಆರ್. ಇದ್ದರೆ ಎಚ್ಚರ: 1830ಕ್ಕೆ ಮೊದಲಿನ ಜಾರ್ಜ್ ದೊರೆಗಳೂ ಇರಬಹುದು, 1910ರಿಂದ 1952ರ ನಡುವಿನವರೂ ಇರಬಹುದು. ಮೂರು ಗೆರೆಯ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತು. ದೇಶದ ಹೆಸರು ಒತ್ತಿದ್ದರೆ ಅದು ಹೆಚ್ಚಾಗಿ 1891ರ ಈಚಿನದು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು 1890ರ ಸುಂಕ ಕಾನೂನು ವಿಧಿಸಿತ್ತು. ಹೆಸರು ಇಲ್ಲವೆಂದ ಮಾತ್ರಕ್ಕೆ ಅದಕ್ಕಿಂತ ಹಳೆಯದೂ ಅಲ್ಲ. ಶೆಫೀಲ್ಡ್ ಎಂಬ ಪದವನ್ನು ಬೇರೆ ಊರಿನವರೂ ಕದ್ದು ಒತ್ತುತ್ತಿದ್ದರು, ಅದಕ್ಕೆ ಕಡಿವಾಣ ಹಾಕಲು ಬ್ರಿಟನ್ 1887ರಲ್ಲಿ ಸರಕು ಗುರುತಿನ ಕಾನೂನೇ ಮಾಡಬೇಕಾಯಿತು.

ಮುದ್ರೆ ಇಲ್ಲದ ಚಾಕುವಿಗೆ ವಸ್ತುಗಳೇ ಪಂಚಾಂಗ. ಸ್ಟೇನ್‌ಲೆಸ್ ಅಲಗಾದರೆ 1913ರ ನಂತರದ್ದು. ಆ ವರ್ಷ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಎರಕ ಹೊಯ್ದರು. ಇದನ್ನು ಅಯಸ್ಕಾಂತದಿಂದ ಪರೀಕ್ಷಿಸಲು ಹೋಗಬೇಡಿ, ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಕೂಡ ಅಂಟಿಕೊಳ್ಳುತ್ತದೆ. ಹಳೆಯ ಕಾರ್ಬನ್ ಉಕ್ಕು ಮೋಡದ ಬಣ್ಣಕ್ಕೆ ತಿರುಗಿರುತ್ತದೆ, ಅದೇ ಗುರುತು. ಬೇಕಲೈಟ್ ಎಂಬ ಹಳೆಯ ಗಡುಸು ಪ್ಲಾಸ್ಟಿಕ್ಕಿನ ಹಿಡಿಯಾದರೆ 1907ಕ್ಕೆ ಹಿಂದೆ ಹೋಗಲಾಗದು. ತಲೆಯಲ್ಲಿ ಪ್ಲಸ್ ಆಕಾರದ ಕಚ್ಚಿರುವ ಸ್ಕ್ರೂ ಇದ್ದರೆ ಆ ಸ್ಕ್ರೂ 1930ರ ದಶಕದ ಈಚಿನದು. ಹಿಡಿಯನ್ನು ಮಾತ್ರ ಆಮೇಲೆ ಬದಲಾಯಿಸಿರಬಹುದು, ಅಲಗು ಹಳೆಯದೇ ಇರಬಹುದು. ಹಾಗಾಗಿ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ಕಾಲ ಬರೆದಿಡಿ.

ಹಿಡಿಯ ವಸ್ತು ಗುರುತಿಸಲು ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆ ಹೇಳಿಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ, ತೂತು ಶಾಶ್ವತ. ಭೂತಗನ್ನಡಿ ಸಾಕು. ಮೂಳೆಯಲ್ಲಿ ಕೊಳೆ ತುಂಬಿದ ಸಣ್ಣ ಕಪ್ಪು ಚುಕ್ಕಿ, ಗೀಟುಗಳು ಕಾಣುತ್ತವೆ. ಆನೆದಂತದಲ್ಲಿ ಅವು ಇರುವುದಿಲ್ಲ. ಅದರ ಅಡ್ಡ ಕೊಯ್ದ ತುದಿಯಲ್ಲಿ ಒಂದನ್ನೊಂದು ಹಾಯುವ ಗೆರೆಗಳ ಬಲೆ ಇರುತ್ತದೆ, ಹಿಡಿಯ ಅಗಲ ಮುಖದಲ್ಲಿ ಹುಡುಕಿದರೆ ಸಿಗದು. ಕೊಂಬು ಪದರ ಪದರವಾಗಿದ್ದು ಬೆಳಕಿಗೆ ಹಿಡಿದರೆ ಅಂಚು ಜೇನಿನಂತೆ ಹೊಳೆಯುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಆದರೆ ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದಾಗ ಕರ್ಪೂರದ ವಾಸನೆ. ಅಂಥ ಚಾಕುವನ್ನು ಬೇರೆ ಯಾವುದರ ಜೊತೆಗೂ ಇಡಬೇಡಿ. ಹಳೆಯ ಸೆಲ್ಯುಲಾಯ್ಡ್ ಬಿಡುವ ಹೊಗೆ ಪಕ್ಕದ ಉಕ್ಕನ್ನೂ ತಿನ್ನುತ್ತದೆ, ಬೆಂಕಿ ತಾಗಿದರೆ ಭುಗಿಲೆನ್ನುತ್ತದೆ.

ಇಲ್ಲೊಂದು ಸಂಗತಿ. ಶೆಫೀಲ್ಡಿನ ಚಾಕುಗಳ ಹಿಡಿಗೆ ನಮ್ಮ ದೇಶದ ಕಡವೆಯ ಕೊಂಬು, ಎಮ್ಮೆಯ ಕೊಂಬು ಹಡಗು ಹತ್ತಿ ಹೋಗುತ್ತಿದ್ದವು. ಕಡವೆ ಕೊಂಬಿನ ಹಿಡಿ ಕಂಡು 'ಇದು ಇಲ್ಲಿಯದೇ' ಎನ್ನುವ ಮೊದಲು ಇದು ನೆನಪಿರಲಿ.

ಹಂತ 7: ಶುಚಿ ಮಾಡುವುದು

ಬೇಕಾದದ್ದು: ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬಿದಿರುಕಡ್ಡಿ, ಒಂದು ತುಂಡು ತಾಮ್ರದ ಪಟ್ಟಿ, ಒಗೆದು ಒಗೆದು ಮೆತ್ತಗಾದ ಪಂಚೆಯ ಬಟ್ಟೆ.

ಉಕ್ಕಿನ ಮೇಲೆ ಎರಡು ಬಗೆಯ ಬಣ್ಣ ಇರುತ್ತದೆ. ಬೂದು, ಕಪ್ಪು ಪದರ ಗಟ್ಟಿಯಾಗಿ ಕೂತದ್ದು. ಅದು ಉಕ್ಕನ್ನು ಕಾಯುತ್ತದೆ, ಮುಟ್ಟಬೇಡಿ. ಬಟ್ಟೆಗೆ ಕೇಸರಿಯಾಗಿ ಹತ್ತುವ ಪುಡಿ ತುಕ್ಕು ಮಾತ್ರ ಹೋಗಬೇಕು. ಅದರ ಮೇಲೆ ಪ್ಯಾರಾಫಿನ್ ಹಚ್ಚಿ ಅರ್ಧ ದಿನ ಬಿಟ್ಟು ತಾಮ್ರದ ಪಟ್ಟಿಯ ಅಂಚಿನಿಂದ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳದು. ಮುದ್ರೆಯ ಸುತ್ತ ಬಿದಿರುಕಡ್ಡಿ ಮಾತ್ರ. ಹಿತ್ತಾಳೆ ತಗಡಿನ ಹಸಿರು ಕಿಲುಬನ್ನೂ ಒಣ ಬಿದಿರುಕಡ್ಡಿಯಿಂದಲೇ ತೆಗೆಯಬೇಕು.

ಕರಾವಳಿಯವರು ಕಬ್ಬಿಣಕ್ಕೆ ತೆಂಗಿನೆಣ್ಣೆ ಹಚ್ಚುವುದು ರೂಢಿ. ದಿನಾ ಬಳಸಿ ಒರೆಸುವ ಕತ್ತಿಗೆ ತೊಂದರೆಯಿಲ್ಲ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿರುವುದಕ್ಕೆ ಅದು ಕಮಟಿ, ಹುಳಿಯೇರಿ, ಧೂಳು ಹಿಡಿಯುತ್ತದೆ. ಪ್ಯಾರಾಫಿನ್ ಹಾಗೆ ಕೆಡುವುದಿಲ್ಲ.

ಒಂದು ಲಕ್ಷಣ ಕಂಡರೆ ಮಾತ್ರ ಕೈ ತೆಗೆಯಿರಿ. ಮಳೆಗಾಲದಲ್ಲಿ ಅಲಗಿನ ಮೇಲೆ ಸಾಸಿವೆಗಿಂತ ಚಿಕ್ಕ ಕಿತ್ತಳೆ ಬಣ್ಣದ ಹನಿಗಳು ಬೆವರಿನಂತೆ ಮೂಡಿದರೆ, ಸಮುದ್ರದ ಉಪ್ಪು ಉಕ್ಕಿನ ಒಳಗೇ ಕೂತಿದೆ. ಎಣ್ಣೆ ಅದನ್ನು ತಡೆಯದು. ಆಗ ಬೆಂಗಳೂರಿನಲ್ಲಿರುವ, ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರದಂಥ ತಜ್ಞರ ಕಡೆಗೆ ಒಯ್ಯುವುದೇ ಸರಿ.

ಹರಿತ ಮಾಡಿಸಬೇಡಿ. ಸಾಣೆಯ ಹಳೆ ಗೆರೆಗಳಲ್ಲಿ ಅದನ್ನು ಬಳಸಿದವನ ಕೈಗುರುತು ಉಳಿದಿರುತ್ತದೆ: ಬಲಗೈಯವನೋ ಎಡಗೈಯವನೋ, ದುಂಡು ಸಾಣೆಯೋ ಚಪ್ಪಟೆ ಕಲ್ಲೋ. ಸಡಿಲಾದ ಮೊಳೆಯನ್ನು ಸುತ್ತಿಗೆಯಿಂದ ಬಿಗಿಯುವುದೂ ಬೇಡ, ಒಣಗಿದ ಕೊಂಬು ಅಲ್ಲೇ ಬಿರಿಯುತ್ತದೆ.

ಹಂತ 8: ಇಡುವುದು

ಚರ್ಮದ ಚೀಲ ನೋಡಲು ಚೆಂದ, ಆದರೆ ಹದ ಮಾಡಿದ ಚರ್ಮದಲ್ಲಿರುವ ಆಮ್ಲ, ಉಪ್ಪು ಲೋಹಕ್ಕೆ ಶತ್ರು. ರಬ್ಬರ್ ಬ್ಯಾಂಡ್, ಸುದ್ದಿಪತ್ರಿಕೆ, ಗಂಜಿ ಹಾಕಿದ ಬಟ್ಟೆ ಬೇಡ. ಗಂಜಿ ಇಲ್ಲದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಕೊಂಬು, ಮೂಳೆ, ಮರ ಅತಿಯಾಗಿ ಒಣಗಿದರೆ ಸೀಳುತ್ತವೆ. ಡಬ್ಬಿಯೊಳಗೆ ಚಿಕ್ಕ ತೇವಮಾಪಕ ಇಟ್ಟು ಶೇಕಡಾ 40–50ರ ಆಸುಪಾಸಿನಲ್ಲಿ ನಿಲ್ಲಿಸಿಕೊಳ್ಳಿ. ಅಲಗನ್ನು ಅರ್ಧ ತೆರೆದು ಇಡಬೇಡಿ, ಸ್ಪ್ರಿಂಗು ಬಾಗಿಯೇ ಉಳಿದು ದಣಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ನೋಡಿ.

ಕಾನೂನಿನ ಮಾತು ಎರಡು. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವಿದೇಶದ ಬಂಧುಗಳಿಗೆ ಕಳಿಸುವಂತಿಲ್ಲ. ಹಿಡಿ ಆನೆದಂತ, ಕಡವೆ ಕೊಂಬು, ತಿಮಿಂಗಿಲದ ಹಲ್ಲು ಎಂಬ ಅನುಮಾನವಿದ್ದರೆ ಮಾರುವ ಯೋಚನೆಯನ್ನೇ ಬಿಟ್ಟು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ವನ್ಯಜೀವಿ ಕಾಯ್ದೆ ಕಠಿಣವಾಗಿದೆ.

ಹಂತ 9: ಚೀಟಿ ಬರೆಯುವುದು

ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನೂ ಬೇರೆ ಸಾಲಿನಲ್ಲಿ ಬರೆಯಿರಿ. ಪೆನ್ಸಿಲಿನಲ್ಲಿ ಬರೆದರೆ ತೇವಕ್ಕೆ ಅಳಿಸದು. ಅಜ್ಜನ ಚಾಕುವಿನ ಡಬ್ಬಿಯಲ್ಲಿರುವ ಚೀಟಿ ಹೀಗಿದೆ:

ಕಂಡದ್ದು: ಮುಚ್ಚಿದಾಗ 11.2 ಸೆಂ.ಮೀ., ತೂಕ 118 ಗ್ರಾಂ. ಕುರಿಗೊರಸಿನ ಅಲಗು, ಅರದಿಂದ ಮಾಡಿದ್ದು. ಮುದ್ರೆ ಇಲ್ಲ. ಹಿಡಿಯ ಒಂದು ಬದಿ ಕೊಂಬು, ಇನ್ನೊಂದು ಬದಿ ಆಮೇಲೆ ಹಾಕಿದ ಮರ. ಕಬ್ಬಿಣದ ಬಳೆ ಒಳಗೆ ಎಡಕ್ಕೆ ಸವೆದಿದೆ. ಬೆನ್ನಿಗೆ ಏಟಿನ ಗುರುತು. ಸಂದಿಯಲ್ಲಿ ತೆಂಗಿನ ನಾರು, ಪೊಟ್ಟಣದಲ್ಲಿದೆ.

ಕೇಳಿದ್ದು: ಹಡಗಿನವನೊಬ್ಬ ಅಜ್ಜನಿಗೆ ಕೊಟ್ಟದ್ದು. ಹೇಳಿದವರು ಅಜ್ಜಿ.

ಊಹೆ: ಹಗ್ಗದ ಕೆಲಸದವನ ಚಾಕು. ಮರದ ಬದಿಯನ್ನು ನಮ್ಮ ಕಡೆಯ ಆಚಾರಿಯೇ ಕೂರಿಸಿರಬಹುದು.

ಮಾಡಿದ ಊರು: (ಜಾಗ ಖಾಲಿ ಬಿಟ್ಟಿದೆ.)